ಕೂತಿತು, ಆದರೆ ಏಳಲಿಲ್ಲ

ಫ್ಯಾನು ತಿರುಗಿತು. ಡಬ್ಬಿಯ ಮುಂದಿನ ನೀಲಿ ದೀಪ ಹತ್ತಿತು. ಮಾನಿಟರು ಮಾತ್ರ ಕಪ್ಪಗೇ ಉಳಿಯಿತು. ಅರ್ಧ ನಿಮಿಷ ಕಾದೆ, ಒಂದು ನಿಮಿಷ ಕಾದೆ. ಬೀಪ್ ಅನ್ನುವ ಒಂದು ಸದ್ದೂ ಇಲ್ಲ. ಹಿಂದೆ ನಿಂತಿದ್ದ ಭಾವ ಕನ್ನಡಕ ಹಣೆಗೇರಿಸಿ, "ಏನಪ್ಪಾ, ಇದ್ದಿದ್ದನ್ನೂ ಕಳೆದೆಯಾ?" ಅಂದರು. ಹೊರಗೆ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದಿದ್ದ ಹೆಣ್ಣಿನ ಕಡೆಯವರು ಬೆಂಚಿನ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಅರಸೀಕೆರೆಯಲ್ಲಿ ಭಾವನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಂಘದ ರಸೀದಿ ಪುಸ್ತಕ, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ನಡುವೆ ಪಹಣಿ ತೆಗೆದುಕೊಡುವುದು, ಜೆರಾಕ್ಸು. ಕಂಪ್ಯೂಟರು 2011ರ ಕೊನೆಯಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3-2100 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡು, 4 ಜಿಬಿ ರ್‍ಯಾಮ್. ಪೇಜ್‌ಮೇಕರ್ ಮತ್ತು ನುಡಿಗೆ ಅಷ್ಟು ಸಾಕಾಗಿತ್ತು, ಈಗಲೂ ಸಾಕು. ಪೇಜ್‌ಮೇಕರ್ 7 ಬಂದದ್ದೇ 2001ರಲ್ಲಿ. ಕಷ್ಟವಾಗುತ್ತಿದ್ದದ್ದು ಬ್ರೌಸರ್ ತೆರೆದಾಗ. ಸೇವಾ ಸಿಂಧು ಒಂದು ಕಿಟಕಿಯಲ್ಲಿ, ವಾಟ್ಸ್ಯಾಪ್ ಇನ್ನೊಂದರಲ್ಲಿ, ಅಷ್ಟಕ್ಕೇ ಯಂತ್ರ ಏದುಸಿರು ಬಿಡುತ್ತಿತ್ತು. ಹೊಸದು ತಗೊಳ್ಳಿ ಅಂದರೆ, ಇದೇ ಓಡ್ತಾ ಇದೆಯಲ್ಲೋ ಅನ್ನುತ್ತಿದ್ದರು. ಹಾಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ 1,800 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಐ5-3470 ಒಂದನ್ನು ಕೊಂಡು, ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದ್ದೆ. ಎರಡು ಕೋರಿನ ಜಾಗಕ್ಕೆ ನಾಲ್ಕು ಕೋರು. ಎರಡೂ 1155 ಸಾಕೆಟ್‌ನವೇ. ಇನ್ನೇನು ನೋಡಬೇಕು?

ನೋಡಬೇಕಾದ್ದು ಬಹಳ ಇತ್ತು. ಅಂಗಡಿಯ ಹುಡುಗ "ಸಾರ್, ಯಾವ ಬೋರ್ಡು?" ಅಂತ ಕೇಳಿದ್ದ. "ಎಚ್61" ಅಂದಿದ್ದೆ, ಜಂಬದಿಂದಲೇ. "ಕಂಪನಿ? ಮಾಡೆಲ್ಲು?" ಅಂದ. ಗೊತ್ತಿರಲಿಲ್ಲ. "ಕೂರುತ್ತೆ ಬಿಡಿ ಸಾರ್" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಕೂತಿತು.

ಕೂರುವುದು ಅಂದರೆ ಏನು ಅಂತ ಮೊದಲು ನೋಡೋಣ. ಮದರ್‌ಬೋರ್ಡಿನ ನಡುವೆ ಇರುವ ಚೌಕಕ್ಕೆ ಸಾಕೆಟ್ ಅನ್ನುತ್ತಾರೆ. 1155 ಅನ್ನುವುದು ಅದರಲ್ಲಿರುವ ಸಂಪರ್ಕ ಬಿಂದುಗಳ ಲೆಕ್ಕ. 2004ರಲ್ಲಿ ಬಂದ 775ರಿಂದ ಈಚೆಗೆ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಮುಳ್ಳಿಲ್ಲ; ತಳ ಚಪ್ಪಟೆ, ಚಿನ್ನದ ಬಣ್ಣದ ಚುಕ್ಕೆಗಳು ಮಾತ್ರ. ಮುಳ್ಳುಗಳಿರುವುದು ಬೋರ್ಡಿನ ಕಡೆ, ಕೂದಲಿನಷ್ಟು ತೆಳ್ಳಗೆ, ಸಾಲಾಗಿ ಒಂದೇ ದಿಕ್ಕಿಗೆ ಬಾಗಿ. ಟಾರ್ಚು ಓರೆಯಾಗಿ ಬಿಟ್ಟು ನೋಡಿದರೆ ಗಾಳಿಗೆ ವಾಲಿದ ರಾಗಿ ಹೊಲದ ಹಾಗೆ ಕಾಣುತ್ತವೆ. ಒಂದು ಪೈರು ಬೇರೆ ಕಡೆ ವಾಲಿದ್ದರೂ ಕಣ್ಣಿಗೆ ಬೀಳುತ್ತದೆ, ಬಿದ್ದರೆ ಆ ಬೋರ್ಡು ಕೊಳ್ಳಬೇಡಿ. ಪ್ರೊಸೆಸರಿನ ಅಂಚಿನಲ್ಲಿ ಎರಡು ಪುಟ್ಟ ಕಚ್ಚುಗಳಿರುತ್ತವೆ, ಒಂದು ಮೂಲೆಯಲ್ಲಿ ಚಿನ್ನದ ತ್ರಿಕೋನ. ಕಚ್ಚಿಗೆ ಕಚ್ಚು, ತ್ರಿಕೋನಕ್ಕೆ ತ್ರಿಕೋನ ಸೇರಿಸಿ, ಒತ್ತದೆ, ಸುಮ್ಮನೆ ಇಳಿಸಿ ಲಿವರ್ ಎಳೆದರೆ ಕೆಲಸ ಮುಗಿಯಿತು. 1156ರ ಪ್ರೊಸೆಸರನ್ನು 1155ಕ್ಕೆ ಹಾಕಲು ಹೋದರೆ ಕಚ್ಚುಗಳ ಜಾಗವೇ ಬೇರೆ. ಅದು ಕೂರುವುದೇ ಇಲ್ಲ. ಕೂರದೇ ಇರುವುದು ಒಂದು ಉಪಕಾರ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಕೂತ ಮೇಲೆ ಏಳದೇ ಇರುವುದು ನಿಜವಾದ ತಲೆನೋವು. ಮನೆಯ ಬಲ್ಬಿನ ಹೋಲ್ಡರಿನಲ್ಲಿ ಯಾವ ಕಂಪನಿಯ ಪಿನ್ ಬಲ್ಬನ್ನು ಒತ್ತಿ ತಿರುಗಿಸಿದರೂ ಉರಿಯುತ್ತದಲ್ಲ, ಆ ಅಭ್ಯಾಸದಲ್ಲಿ ನಾವು ಇದನ್ನೂ ನೋಡುತ್ತೇವೆ. ಒಂದು ಕಾಲಕ್ಕೆ ಕಂಪ್ಯೂಟರೂ ಹೆಚ್ಚುಕಡಿಮೆ ಹಾಗೇ ಇತ್ತು. ತೊಂಬತ್ತರ ದಶಕದ ನಡುವಿನ ಸಾಕೆಟ್ 7ರಲ್ಲಿ ಇಂಟೆಲ್‌ನ ಪೆಂಟಿಯಮ್ಮೂ ಕೂರುತ್ತಿತ್ತು, ಎಎಂಡಿಯ ಕೆ6 ಕೂಡ, ಸೈರಿಕ್ಸ್ ಕೂಡ. 1997ರಲ್ಲಿ ಇಂಟೆಲ್ ಪೆಂಟಿಯಂ 2 ತಂದಾಗ ಚೌಕವನ್ನೇ ಬಿಟ್ಟು, ವಿಡಿಯೋ ಗೇಮಿನ ಕ್ಯಾಸೆಟ್ಟಿನ ಹಾಗೆ ನೆಟ್ಟಗೆ ಚುಚ್ಚುವ ಸ್ಲಾಟ್ 1 ಮಾಡಿತು. ಅಲ್ಲಿಗೆ ಆ ಕೂಡುಕುಟುಂಬ ಒಡೆಯಿತು.

ಭಾವನ ಅಂಗಡಿಗೆ ವಾಪಸ್ಸು ಬರೋಣ. ಹಳೆಯ ಐ3 ಅನ್ನೇ ಮತ್ತೆ ಹಾಕಿದೆ. ಎದ್ದಿತು. ಬೋರ್ಡು ಬದುಕಿದೆ ಅಂತಾಯಿತು, ಮಾನ ಅರ್ಧ ಉಳಿಯಿತು. ಹೆಣ್ಣಿನ ಕಡೆಯವರ ಪ್ರೂಫ್ ತೆಗೆದುಕೊಟ್ಟ ಮೇಲೆ, ಬೆಂಗಳೂರಿನಲ್ಲಿ ರೈಲು ಹತ್ತುವ ಮೊದಲೇ ಮಾಡಬೇಕಿದ್ದ ಕೆಲಸ ಶುರುಮಾಡಿದೆ.

ವಿಂಡೋಸ್ ಕೀಲಿಯ ಜತೆ ಆರ್ ಒತ್ತಿ ಎಂಎಸ್‌ಇನ್ಫೋ32 ಅಂತ ಹೊಡೆದರೆ ಒಂದು ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲು ಮದರ್‌ಬೋರ್ಡಿನ ಹೆಸರು ಹೇಳುತ್ತದೆ, ಬಯೋಸ್ ವರ್ಷನ್ ಅನ್ನುವ ಸಾಲು ಅದರ ಬುದ್ಧಿಯ ವಯಸ್ಸು ಹೇಳುತ್ತದೆ. ಸಿಪಿಯು-ಝಡ್ ಅನ್ನುವ ಪುಟ್ಟ ಉಚಿತ ತಂತ್ರಾಂಶ ಹಾಕಿಕೊಂಡರೆ ಇವೆಲ್ಲ ಇನ್ನೂ ಅಚ್ಚುಕಟ್ಟಾಗಿ ಸಿಗುತ್ತವೆ. ಯಂತ್ರ ಆನ್ ಆಗದ ಸ್ಥಿತಿಯಲ್ಲಿದ್ದರೆ ಪಕ್ಕದ ತಗಡು ಬಿಚ್ಚಬೇಕು. ಬೋರ್ಡಿನ ಮೇಲೆಯೇ, ಸಾಮಾನ್ಯವಾಗಿ ಕಾರ್ಡು ಚುಚ್ಚುವ ಸ್ಲಾಟುಗಳ ನಡುವೆ, ದಪ್ಪಕ್ಷರದಲ್ಲಿ ಮಾಡೆಲ್ ಅಚ್ಚಾಗಿರುತ್ತದೆ. ಭಾವನದರ ಮೇಲೆ ಕಾಗದದ ನಾರು, ಜೆರಾಕ್ಸಿನ ಟೋನರು ಬೆರೆತ ಒಂದು ಕಂಬಳಿಯಷ್ಟು ದೂಳು. ಪೇಂಟಿಂಗ್ ಬ್ರಶ್ಶಿನಿಂದ ಗುಡಿಸಿದ ಮೇಲೆ ಅಕ್ಷರ ಕಂಡವು. ಅದರ ಜತೆ ಮೂಲೆಯಲ್ಲೊಂದು ಸಣ್ಣ ಬರಹ: ರೆವ್. 1.0. ಇದನ್ನು ಹಲವರು ಬಿಟ್ಟುಬಿಡುತ್ತಾರೆ. ಒಂದೇ ಹೆಸರಿನ ಬೋರ್ಡಿನ ಎರಡನೆಯ ಆವೃತ್ತಿಗೆ ಬೇರೆ ಬಯೋಸ್, ಕೆಲವೊಮ್ಮೆ ಬೇರೆ ಪ್ರೊಸೆಸರುಗಳ ಪಟ್ಟಿ ಇರುತ್ತದೆ.

ತಯಾರಕರ ಜಾಲತಾಣದಲ್ಲಿ ಪ್ರತಿ ಬೋರ್ಡಿಗೂ ಒಂದು ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ. ಭಾವನ ಬೋರ್ಡಿನ ಪಟ್ಟಿಯಲ್ಲಿ ಐ5-3470 ಇತ್ತು. ಇದೆಯಲ್ಲ ಅಂತ ಇನ್ನೇನು ಸಿಟ್ಟು ಬರುವುದರಲ್ಲಿತ್ತು, ಅಷ್ಟರಲ್ಲಿ ಅದೇ ಸಾಲಿನ ಬಲತುದಿ ನೋಡಿದೆ. ಯಾವ ಬಯೋಸ್‌ನಿಂದ ಅನ್ನುವ ಕೊನೆಯ ಕಲಮಿನಲ್ಲಿ ಒಂದು ಅಂಕಿ. ಭಾವನ ಯಂತ್ರದಲ್ಲಿದ್ದದ್ದು ಅದಕ್ಕಿಂತ ಐದು ಆವೃತ್ತಿ ಹಳೆಯದು.

ಬಯೋಸ್ ಅಂದರೆ ಬೋರ್ಡಿನ ಮೇಲಿರುವ ಉಗುರಿನಷ್ಟು ಚಿಪ್ಪಿನಲ್ಲಿ ಬರೆದಿಟ್ಟ ಮೊದಲ ಪಾಠ. ಕರೆಂಟು ಬಂದ ಕ್ಷಣ, ವಿಂಡೋಸ್ ಇನ್ನೂ ಮಲಗಿರುವಾಗಲೇ, ಎದುರಿಗಿರುವ ಪ್ರೊಸೆಸರ್ ಯಾರು, ಅದಕ್ಕೆಷ್ಟು ವೋಲ್ಟು ಕೊಡಬೇಕು, ರ್‍ಯಾಮನ್ನು ಎಷ್ಟು ವೇಗದಲ್ಲಿ ಎಬ್ಬಿಸಬೇಕು ಅಂತ ಗೊತ್ತುಮಾಡಿಕೊಳ್ಳುವುದು ಅದೇ. ಐ3-2100 ಇಂಟೆಲ್‌ನ ಎರಡನೆಯ ತಲೆಮಾರಿನದು, 2011ರದ್ದು. ಐ5-3470 ಮೂರನೆಯ ತಲೆಮಾರು, 2012ರದ್ದು. ಭಾವನ ಬೋರ್ಡು ಕಾರ್ಖಾನೆಯಿಂದ ಹೊರಬಿದ್ದಾಗ ಈ ಪ್ರೊಸೆಸರ್ ಮಾರುಕಟ್ಟೆಗೇ ಬಂದಿರಲಿಲ್ಲ. ಹುಟ್ಟದವರ ಹೆಸರು ಅದರ ಪುಸ್ತಕದಲ್ಲಿ ಎಲ್ಲಿರಬೇಕು? ಈ ಸರಣಿಯ ಬೋರ್ಡುಗಳಲ್ಲಿ ಇನ್ನೊಂದು ತೊಡಕೂ ಇದೆ. ಬಯೋಸ್ ಜತೆಗೆ ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವ ಇನ್ನೊಂದು ಒಳತಂತ್ರಾಂಶ 7ರಿಂದ 8ಕ್ಕೆ ಏರಬೇಕು. ಆದ್ದರಿಂದ ಎಷ್ಟೋ ಬೋರ್ಡುಗಳಲ್ಲಿ ನೇರವಾಗಿ ಕೊನೆಯ ಆವೃತ್ತಿಗೆ ಜಿಗಿಯುವಂತಿಲ್ಲ. ತಯಾರಕರು ಹೇಳಿದ ಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು.

ಇಷ್ಟಾದರೂ ನಾನು ಅದೃಷ್ಟವಂತ. ಅದೇ 1155 ಸಾಕೆಟ್‌ನ ಬೋರ್ಡಿನಲ್ಲಿ ಎಚ್61ರ ಬದಲು ಕ್ಯೂ65, ಕ್ಯೂ67 ಅಥವಾ ಬಿ65 ಚಿಪ್‌ಸೆಟ್ ಇದ್ದಿದ್ದರೆ ಯಾವ ಬಯೋಸೂ ಕೈಹಿಡಿಯುತ್ತಿರಲಿಲ್ಲ. ಅವಕ್ಕೆ ಮೂರನೆಯ ತಲೆಮಾರನ್ನು ಇಂಟೆಲ್ ಅಧಿಕೃತವಾಗಿ ಕೊಡಲೇ ಇಲ್ಲ. ಇವು ಇರುವುದು ಕಚೇರಿಗಳಿಗೆಂದು ಮಾಡಿದ ಬ್ರ್ಯಾಂಡೆಡ್ ಯಂತ್ರಗಳಲ್ಲಿ. ಕಂಪನಿಗಳು ಗುಡಿಸಿ ಹಾಕಿದ ಅಂಥ ಡಬ್ಬಿಗಳೇ ರಿಫರ್ಬಿಷ್ಡ್ ಅನ್ನುವ ಹೆಸರಿನಲ್ಲಿ ನಮ್ಮ ಊರುಗಳ ಡಿಟಿಪಿ ಅಂಗಡಿಗೂ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೂ ಬರುವುದು. ಕಟ್ಟುಮಸ್ತಾಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡಿಭಾಗ ಬದಲಿಸುವ ಆಸೆಯಿಂದ ಅವನ್ನು ಕೊಳ್ಳಬಾರದು. ಪವರ್ ಸಪ್ಲೈಯ ಕನೆಕ್ಟರು ಕೂಡ ಕೆಲವಕ್ಕೆ ಅವರದೇ ಅಳತೆ.

ಸಾಕೆಟ್ ಒಂದೇ ಆಗಿ ಮನಸ್ಸು ಬೇರೆಯಾದ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು 1151ರದ್ದು. 2015ರಲ್ಲಿ ಆರನೆಯ ತಲೆಮಾರಿನ ಜತೆ ಆ ಸಾಕೆಟ್ ಬಂತು, ಏಳನೆಯದೂ ಅದರಲ್ಲೇ ಕೂತಿತು. 2017ರ ಅಕ್ಟೋಬರಿನಲ್ಲಿ ಎಂಟನೆಯದು ಬಂತು. ಅದೇ 1151, ಅದೇ ಗಾತ್ರ, ಅದೇ ಕಚ್ಚು. ಆದರೆ ಹಳೆಯ 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ನಡೆಯುವುದಿಲ್ಲ, 300 ಸರಣಿಯ ಹೊಸ ಬೋರ್ಡೇ ಬೇಕು ಅಂದಿತು ಇಂಟೆಲ್. ಕೊಟ್ಟ ಕಾರಣ ಕರೆಂಟಿನದು. ನಾಲ್ಕು ಕೋರು ಆರಾಗಿದೆ, ಹೆಚ್ಚು ವಿದ್ಯುತ್ ಹರಿಯಬೇಕು ಅಂತ. ಪಿನ್ನುಗಳ ಹಂಚಿಕೆ ನೋಡಿದರೆ ಅದು ಪೂರ್ತಿ ನೆಪವಲ್ಲ: ಪ್ರೊಸೆಸರಿಗೆ ವಿದ್ಯುತ್ ಒಯ್ಯುವ ಪಿನ್ನುಗಳು 128 ಇದ್ದದ್ದು 146 ಆದವು, ಭೂಸಂಪರ್ಕದವು 377ರಿಂದ 391ಕ್ಕೆ ಏರಿದವು, ಸುಮ್ಮನೆ ಕಾದಿರಿಸಿದ್ದ 46ರಲ್ಲಿ 25 ಮಾತ್ರ ಉಳಿದವು. ಆದರೆ ಹಟವಾದಿ ಹವ್ಯಾಸಿಗಳು ಸುಮ್ಮನಿರಲಿಲ್ಲ. ಕೆಲವು ಚುಕ್ಕೆಗಳ ಮೇಲೆ ಟೇಪು ಅಂಟಿಸಿ, ಬಯೋಸ್ ತಿದ್ದಿ, ಎಂಟನೆಯ ತಲೆಮಾರನ್ನು ಹಳೆಯ ಬೋರ್ಡಿನಲ್ಲೇ ಎಬ್ಬಿಸಿ ತೋರಿಸಿದರು. ಆ ಟೇಪಿನ ಸಾಹಸ ನನಗೂ ನಿಮಗೂ ಬೇಡ. ಆದರೂ ಒಂದು ಮಾತು ಹೇಳದಿರಲಾರೆ. ಇಂಜಿನಿಯರಿಂಗ್ ಕಾರಣ ಅರ್ಧ ಇರಬಹುದು, ಇನ್ನರ್ಧ ಹೊಸ ಬೋರ್ಡು ಮಾರುವ ಲೆಕ್ಕ. ನಮಗೆ ಎರಡನ್ನೂ ಬೇರ್ಪಡಿಸಿ ನೋಡಲು ಬರುವುದಿಲ್ಲ, ಪಟ್ಟಿಯನ್ನು ನೋಡಲು ಬರುತ್ತದೆ ಅಷ್ಟೆ.

ಎಎಂಡಿ ಇನ್ನೊಂದು ದಾರಿ ಹಿಡಿಯಿತು, ಅದರ ಕಥೆ ಇನ್ನೂ ಸ್ವಾರಸ್ಯದ್ದು. 2017ರ ಮಾರ್ಚಿನಲ್ಲಿ ರೈಜೆನ್ ಬಂದಾಗ ಎಎಂ4 ಸಾಕೆಟ್ಟನ್ನು ಬಹುಕಾಲ ಬದಲಿಸುವುದಿಲ್ಲ ಅಂತ ಮಾತು ಕೊಟ್ಟಿತು. ಕೊಟ್ಟ ಮಾತು ಬಯೋಸ್ ಚಿಪ್ಪಿಗೆ ಭಾರವಾಯಿತು. ಎಷ್ಟೋ ಬೋರ್ಡುಗಳಲ್ಲಿ ಆ ಚಿಪ್ಪು 16 ಎಂಬಿಯದು, ನಾಲ್ಕು ವರ್ಷದಲ್ಲಿ ಬಂದ ಎಲ್ಲ ಪ್ರೊಸೆಸರುಗಳ ಪರಿಚಯ ಅದರಲ್ಲಿ ಹಿಡಿಯುವುದಿಲ್ಲ. 2020ರ ಮೇ ತಿಂಗಳಲ್ಲಿ, ಮುಂದಿನ ಪ್ರೊಸೆಸರುಗಳು 400 ಸರಣಿಯ ಬೋರ್ಡಿನಲ್ಲಿ ನಡೆಯುವುದಿಲ್ಲ ಅಂದಿತು ಕಂಪನಿ. ಬಳಕೆದಾರರು ತಿರುಗಿಬಿದ್ದರು. ಎರಡು ವಾರದೊಳಗೆ ಮಾತು ಹಿಂದಕ್ಕೆ ಹೋಯಿತು. 2022ರಲ್ಲಿ 300 ಸರಣಿಯ ಹಳೆಯ ಬೋರ್ಡುಗಳಿಗೂ ಬಾಗಿಲು ತೆರೆಯಿತು. ಹೊಸಬರಿಗೆ ಜಾಗ ಮಾಡಲು ಕೆಲವು ಬಯೋಸ್‌ಗಳಲ್ಲಿ ಅತಿ ಹಳೆಯ ಪ್ರೊಸೆಸರುಗಳ ಹೆಸರನ್ನೇ ಅಳಿಸಿದರು. ಹೊಸ ಬಯೋಸ್ ಹಾಕಿದರೆ ಈಗ ಇರುವ ಪ್ರೊಸೆಸರೇ ಏಳದ ಸಂದರ್ಭವೂ ಹೀಗೆ ಹುಟ್ಟಿತು. ಹಾಗಾಗಿ ಆ ಕಡೆಯ ಬೋರ್ಡುಗಳಲ್ಲಿ ಹೊಸ ಬಯೋಸ್‌ಗೆ ಹೋಗುವ ಮುಂಚೆ ಅದರ ಕೆಳಗಿನ ಸಣ್ಣಕ್ಷರ ಓದಲೇಬೇಕು.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅನ್ನುತ್ತಾರಲ್ಲ, ಬಯೋಸ್ ವಿಷಯದಲ್ಲಿ ಅದು ಅಕ್ಷರಶಃ ನಿಜ. ಹೊಸ ಪ್ರೊಸೆಸರ್ ಏಳಬೇಕಾದರೆ ಹೊಸ ಬಯೋಸ್ ಬೇಕು, ಹೊಸ ಬಯೋಸ್ ಬರೆಯಬೇಕಾದರೆ ಎದ್ದಿರುವ ಪ್ರೊಸೆಸರ್ ಬೇಕು. 2018ರಲ್ಲಿ ಈ ಪೇಚಿಗೆ ಸಿಕ್ಕಿಕೊಂಡ ಗಿರಾಕಿಗಳಿಗೆ ಎಎಂಡಿ ತನ್ನದೇ ಒಂದು ಹಳೆಯ ಪ್ರೊಸೆಸರನ್ನು ಕೈಗಡವಾಗಿ ಕಳಿಸಿ, ಬಯೋಸ್ ಬರೆದುಕೊಂಡ ಮೇಲೆ ವಾಪಸ್ಸು ತರಿಸಿಕೊಳ್ಳುವ ಏರ್ಪಾಡು ಮಾಡಿತ್ತು. ಇತ್ತೀಚಿನ ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಬರೆಯುವ ಗುಂಡಿ ಕೊಡುತ್ತಾರೆ. ಹಳೆಯ ಅಗ್ಗದ ಬೋರ್ಡುಗಳಲ್ಲಿ ಅದನ್ನು ಹುಡುಕಬೇಡಿ. ಅಲ್ಲಿ ಇರುವುದು ಒಂದೇ ಉಪಾಯ: ಹೊಸದನ್ನು ಹಾಕುವ ಮೊದಲು, ಹಳೆಯದು ಒಳಗಿರುವಾಗಲೇ ಬಯೋಸ್ ಬರೆದು ಮುಗಿಸುವುದು. ಹಳೆಯ ಪ್ರೊಸೆಸರನ್ನು ಮೊದಲೇ ಮಾರಿ ಹೊಸದಕ್ಕೆ ದುಡ್ಡು ಹೊಂದಿಸುವವರಿಗೆ ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇಂಟೆಲ್‌ನದೇ ಹೆಸರಿನ ಮದರ್‌ಬೋರ್ಡು ಇರುವವರಿಗೆ ಬೇರೆ ಕಷ್ಟ. ಒಂದು ಕಾಲಕ್ಕೆ ಅಸೆಂಬಲ್ ಮಾಡಿಸುವಾಗ "ಒರಿಜಿನಲ್ ಇಂಟೆಲ್ ಬೋರ್ಡೇ ಹಾಕಿ" ಅನ್ನುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆಯಾಗಿತ್ತು. 2013ರ ಜನವರಿಯಲ್ಲಿ ಆ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಕಂಪನಿ ಹೇಳಿತು, 2019ರ ನವೆಂಬರಿನಲ್ಲಿ ಹಳೆಯ ಬೋರ್ಡುಗಳ ಬಯೋಸ್ ಕಡತಗಳನ್ನು ಜಾಲತಾಣದಿಂದ ತೆಗೆಯಿತು. ಈಗ ಅವು ಅಲ್ಲಿ ಇಲ್ಲಿ ಯಾರೋ ಉಳಿಸಿಟ್ಟ ಪ್ರತಿಗಳಲ್ಲಿ ಸಿಗುತ್ತವೆ. ಬಯೋಸ್‌ನಂಥದ್ದನ್ನು ಗುರುತಿಲ್ಲದ ಜಾಗದಿಂದ ಇಳಿಸಿಕೊಳ್ಳಲು ನನ್ನ ಕೈ ಬರುವುದಿಲ್ಲ.

ಕರೆಂಟಿನ ಲೆಕ್ಕವನ್ನು ಜನ ಕೊನೆಗೆ ನೋಡುತ್ತಾರೆ, ನೋಡಿದರೆ. ಪ್ರೊಸೆಸರಿನ ವಿವರದಲ್ಲಿ ಟಿಡಿಪಿ ಅಂತ ವ್ಯಾಟಿನಲ್ಲಿ ಒಂದು ಅಂಕಿ ಕೊಟ್ಟಿರುತ್ತಾರೆ. ಐ3-2100ರದ್ದು 65, ಐ5-3470ರದ್ದು 77, ಐ7-2600ರದ್ದು 95. ಸಾಕೆಟ್ಟಿನ ಪಕ್ಕ ಸಾಲಾಗಿ ನಿಂತ ಚೌಕದ ಕಾಯಿಲುಗಳು, ಕರಿ ಚಿಪ್ಪುಗಳು ಆ ವಿದ್ಯುತ್ತನ್ನು ಹದಮಾಡಿ ಒಳಗೆ ಬಿಡುತ್ತವೆ. ಅಗ್ಗದ ಬೋರ್ಡಿನಲ್ಲಿ ಅವು ಕಡಿಮೆ, ಮೇಲೆ ಶಾಖ ಹೀರುವ ಅಲ್ಯೂಮಿನಿಯಂ ಹೊದಿಕೆಯೂ ಇರುವುದಿಲ್ಲ. 2013ರಲ್ಲಿ ಎಎಂಡಿಯ ಎಫ್‌ಎಕ್ಸ್-9590 ಬಂದಾಗ ಅದರ ಟಿಡಿಪಿ 220 ವ್ಯಾಟ್! ಎಎಂ3+ ಸಾಕೆಟ್ಟಿರುವ ಯಾವ ಬೋರ್ಡಿಗೂ ಅದು ಕೂರುತ್ತದೆ. 95 ವ್ಯಾಟಿಗೆಂದು ಮಾಡಿದ ಬೋರ್ಡಿಗೆ ಅದನ್ನು ಕೂರಿಸುವುದು ಮನೆಯ ಐದು ಆಂಪಿಯರ್ ಪ್ಲಗ್ಗಿಗೆ ಗೀಸರ್ ಚುಚ್ಚಿದ ಹಾಗೆ. ನೋಡುವ ಪಟ್ಟಿ ಅದೇ, ನೋಡಬೇಕಾದ ಕಲಮು ಬೇರೆ.

ಪರದೆಯೂ ಒಂದು ಬಲೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸರ್ವರುಗಳಿಂದ ಕಿತ್ತ ಝೀಯಾನ್ ಪ್ರೊಸೆಸರುಗಳು ಸಿಗುತ್ತವೆ. ಇ3-1230 ವಿ2 ಅನ್ನುವುದು 1155 ಸಾಕೆಟ್ಟಿನದೇ, ನಾಲ್ಕು ಕೋರು, ಬಲವೂ ಇದೆ. ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಹಿಂದಿರುವ ವಿಜಿಎ ಕಿಂಡಿಗೆ ಮಾನಿಟರ್ ಚುಚ್ಚಿದರೆ ಏನೂ ಬರುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಬೇಕು. ಐ5-9400ಎಫ್‌ನಂಥ ಹೆಸರುಗಳ ಕೊನೆಯ ಎಫ್ ಅಕ್ಷರವೂ ಇದನ್ನೇ ಹೇಳುತ್ತದೆ. ರ್‍ಯಾಮಿನ ವಿಷಯ ಸುಲಭ, ಡಿಡಿಆರ್3ರ ಜಾಗಕ್ಕೆ ಡಿಡಿಆರ್4 ಕೂರುವುದೇ ಇಲ್ಲ. ಹಾಗಾಗಿ ಬೋರ್ಡನ್ನೂ ಬದಲಿಸುವ ಯೋಚನೆ ಬಂದರೆ ರ್‍ಯಾಮಿಗೂ ದುಡ್ಡು ಎತ್ತಿಡಿ.

ಒಂದು ಮಾತು ಮರೆತೆ. ಅಂಗಡಿಯಲ್ಲಿ "ಸಿಪಿಯು ಬದಲಾಯಿಸಬೇಕು" ಅಂತ ಕೇಳಬೇಡಿ. ನಮ್ಮಲ್ಲಿ ಇಡೀ ಡಬ್ಬಿಗೇ ಸಿಪಿಯು ಅನ್ನುವುದು ರೂಢಿ. ಪೂರ್ತಿ ಯಂತ್ರದ ರೇಟು ಹೇಳುತ್ತಾರೆ.

ಸಂಜೆ ಬಯೋಸ್ ಬರೆಯಲು ಕೂತೆವು. ಈ ಕೆಲಸ ಎರಡು ಮೂರು ನಿಮಿಷದ್ದು, ಆದರೆ ಆ ಎರಡು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡು ಅರ್ಧ ಅಳಿಸಿದ ಸ್ಲೇಟಾಗುತ್ತದೆ. ಅಂಗಡಿಯಲ್ಲಿ ಯುಪಿಎಸ್ ಇತ್ತು. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ಮೇಲೆ ಗಣಪತಿ ಫೋಟೊ ಇಟ್ಟಿದ್ದರು. "ಈಗ ಮೋಡ ಬೇರೆ ಕಟ್ಟಿದೆ, ಹೋಗೇ ಹೋಗುತ್ತೆ" ಅಂದರು ಭಾವ. ಡಬ್ಬಿಯನ್ನು ಟಿವಿಎಸ್ ಮೊಪೆಡ್ಡಿನ ಮುಂದಿಟ್ಟುಕೊಂಡು ಮನೆಗೆ ತಂದೆವು, ಅಲ್ಲಿ ಇನ್ವರ್ಟರ್ ಇದೆ. ಅಕ್ಕ ಟಿವಿಯ ಮೇಜು ಬಿಟ್ಟುಕೊಟ್ಟಳು, ಆದರೆ ಎಂಟು ಗಂಟೆಯ ಧಾರಾವಾಹಿಯ ಒಳಗೆ ಮುಗಿಸಬೇಕು ಅನ್ನುವ ಷರತ್ತಿನ ಮೇಲೆ. ಹಳೆಯ ಐ3 ಒಳಗೇ ಇತ್ತು. ಪೆನ್‌ಡ್ರೈವಿನಲ್ಲಿ ತಯಾರಕರ ಕಡತ, ಬಯೋಸ್‌ನ ಒಳಗಿನದೇ ಬರೆಯುವ ಸಾಧನ. ಮೊದಲು ನಡುವಿನ ಆವೃತ್ತಿ, ಮತ್ತೆ ಸ್ಟಾರ್ಟು, ಆಮೇಲೆ ಕೊನೆಯದು. ಬರೆಯುವ ಪ್ರಗತಿ ತೋರಿಸುವ ಪಟ್ಟಿ ಶೇಕಡ ತೊಂಬತ್ತಕ್ಕೆ ಬಂದಾಗ ಕರೆಂಟು ಹೋಯಿತು. ಇನ್ವರ್ಟರ್ ಟಕ್ ಅಂದಿತು. ಪರದೆ ಒಮ್ಮೆ ನಡುಗಿ ನಿಂತಿತು. ನಾನು ಉಸಿರು ಬಿಟ್ಟದ್ದು ನೂರಾದ ಮೇಲೆ.

ಐ3 ತೆಗೆದು, ಹಳೆಯ ಪೇಸ್ಟ್ ಒರೆಸಿ, ಐ5 ಇಳಿಸಿ, ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಫ್ಯಾನು ಕೂರಿಸಿದೆವು. ಈ ಸಲ ಒಂದು ಬೀಪ್. ಪರದೆಯ ಮೇಲೆ ಹೊಸ ಹೆಸರು.

ನಿಜ ಹೇಳಬೇಕೆಂದರೆ, ಭಾವನಿಗೆ ಹೆಚ್ಚು ಖುಷಿ ಕೊಟ್ಟದ್ದು ಪ್ರೊಸೆಸರಲ್ಲ. ಮಾರನೆಯ ದಿನ ಹಳೆಯ ಹಾರ್ಡ್‌ಡಿಸ್ಕಿನ ಬದಲು ಒಂದು ಸಣ್ಣ ಎಸ್‌ಎಸ್‌ಡಿ, 4 ಜಿಬಿ ರ್‍ಯಾಮಿನ ಪಕ್ಕ ಇನ್ನೊಂದು 4 ಹಾಕಿದೆ. ಅದೇ ಕ್ರಮ ತಿರುವುಮುರುವಾಗಿದ್ದಿದ್ದರೆ ಪ್ರೊಸೆಸರ್ ಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0, ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಮತ್ತು ಅದರ ಮೇಲಿನದು. ಮೂರನೆಯದು ಆ ಮೆಟ್ಟಿಲಿಗೆ ಎಟುಕುವುದಿಲ್ಲ. ಅಂದರೆ ನಾವು ಕೊಂಡದ್ದು ಒಂದೆರಡು ವರ್ಷದ ಆಯಸ್ಸು. ಅದು ಭಾವನಿಗೂ ಗೊತ್ತು. 1,800 ರೂಪಾಯಿಗೆ ಎರಡು ಮದುವೆ ಸೀಸನ್ ಸಿಕ್ಕರೆ ನಷ್ಟವಿಲ್ಲ ಅನ್ನುವುದು ಅವರ ಲೆಕ್ಕ, ಅದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ನಾನು ಹೊರಡುವ ಹೊತ್ತಿಗೆ ಭಾವ ಉಳಿದ ಲಗ್ನಪತ್ರಿಕೆಯೊಂದನ್ನು ಹಿಂದುಮುಂದು ಮಾಡಿ, ಖಾಲಿ ಬೆನ್ನಿನ ಮೇಲೆ ಬೋರ್ಡಿನ ಹೆಸರು, ರೆವ್ ನಂಬರು, ಬಯೋಸ್ ಆವೃತ್ತಿ, ತಾರೀಖು ಎಲ್ಲ ದುಂಡಕ್ಷರದಲ್ಲಿ ಬರೆದು, ಡಬ್ಬಿಯ ತಗಡಿನ ಒಳಮೈಗೆ ಸೆಲ್ಲೋಟೇಪ್ ಹಾಕಿ ಅಂಟಿಸುತ್ತಿದ್ದರು. "ಇನ್ನೊಂದ್ಸಲ ಆ ರೋಡಿಗೆ ಹೋದಾಗ ಫೋನ್ ಮಾಡು, ನಾನೇ ಓದಿ ಹೇಳ್ತೀನಿ" ಅಂದರು. ಐ3 ಅನ್ನು ಕುಂಕುಮದ ಡಬ್ಬಿಯಲ್ಲಿ ಹಾಕಿ ಡ್ರಾಯರಿನಲ್ಲಿಟ್ಟರು.